ಅಂಚೆಯಕ್ಕ ತೋರಿಸಿದ ಮೂರನೆಯ ಜಾಗ

ಮೂವತ್ತೊಂದು ವರ್ಷ ಸೈಕಲ್ ತುಳಿದು ಹನ್ನೊಂದು ಹಳ್ಳಿಗಳಿಗೆ ಕಾಗದ ಹಂಚಿದ ತಾಯಿ, ನಿವೃತ್ತಿಯಾದ ಮೇಲೆ ಕಾಲು ಚಾಚಿ ಕೂರುತ್ತಾಳೆಂದು ಮಗಳು ಅಂದುಕೊಂಡಿದ್ದಳು. ತಿಂಗಳು ತುಂಬುವುದರೊಳಗೆ, ಊರವರೆಲ್ಲ ಅಂಚೆಯಕ್ಕ ಎಂದೇ ಕರೆಯುತ್ತಿದ್ದ ಅವಳಿಗೆ ಹೊಸ ಕೆಲಸ ಗಂಟುಬಿತ್ತು. ಪೇಟೆ ಸಾಕಾಗಿ, ತುಂಡು ನೆಲ ಹಿಡಿದು ಬದುಕುತ್ತೇವೆನ್ನುವವರು ಅವಳ ಬಾಗಿಲು ತಟ್ಟತೊಡಗಿದರು. ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಹೊಳೆ ಉಕ್ಕಿದರೆ ನೀರು ಯಾರ ಹಿತ್ತಿಲಿಗೆ ನುಗ್ಗುತ್ತದೆ, ಎಲ್ಲಿ ಕರೆಂಟು ಹೋದರೆ ವಾರ ಬರುವುದಿಲ್ಲ, ಎಲ್ಲವೂ ಅವಳ ನಾಲಿಗೆ ತುದಿಯಲ್ಲಿತ್ತು.

ಹಾಗೆ ಬಂದವರಲ್ಲಿ ಒಬ್ಬ ಗಡಿಯಾರ ರಿಪೇರಿಯವನು, ಮಹಾ ಅಂಜುಬುರುಕ. ಜೊತೆಗೆ ನರ್ಸ್ ಆಗಿದ್ದ ಹೆಂಡತಿ. ಅವನ ಕೈಯಲ್ಲಿ ನಲವತ್ತು ಪ್ರಶ್ನೆ ಬರೆದ ಪುಸ್ತಕ.

"ಅಕ್ಕ, ರಸ್ತೆ, ಕರೆಂಟು, ಅಂಗಡಿ ಎಲ್ಲಾ ಒಟ್ಟಿಗೆ ನಿಂತೋದ್ರೆ ಇಲ್ಲಿ ಎಷ್ಟು ದಿನ ಬದುಕಬಹುದು?"

"ಯಾರ ಪಕ್ಕ ಮನೆ ಕಟ್ತೀರಿ ಅನ್ನೋದರ ಮೇಲೆ."

"ಅದಕ್ಕೆ ಇದರಲ್ಲಿ ಜಾಗ ಬಿಟ್ಟಿಲ್ಲವಲ್ಲ."

"ಅಂಚಲ್ಲಿ ಬರ್ಕೊಳ್ಳಿ."

ಮೊದಲ ಜಾಗ ಕಣ್ಣಿಗೆ ಹಬ್ಬದಂತಿತ್ತು. ಅಂಚೆಯಕ್ಕ ಮರದ ಕೊಂಬೆಗೆ ಆಳೆತ್ತರದಲ್ಲಿ ಸಿಕ್ಕಿಕೊಂಡಿದ್ದ ಒಣ ಕಸ ತೋರಿಸಿದಳು; ಹೋದ ವರ್ಷದ ನೆರೆ ತಂದಿಟ್ಟದ್ದು. ಎರಡನೆಯದರಲ್ಲಿ ಮಣ್ಣು ಬೆಣ್ಣೆಯಂತಿದ್ದರೂ ಆಸ್ಪತ್ರೆ ದೂರದ ಮಾತು. ಮೂರನೆಯದು ಹೊಳೆಯಾಚೆಯ ಇಳಿಜಾರು, ಬಾವಿಯಲ್ಲಿ ತಿಳಿನೀರು. ಅದನ್ನು ನೋಡಿ ಹಿಂದಿರುಗುವಾಗ, ಬರುವಾಗ ದಾಟಿದ್ದ ಸೇತುವೆಯೇ ಕಾಣಲಿಲ್ಲ. ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಅದರ ಮೇಲೆ ಹರಿಯುತ್ತಿತ್ತು.

ಗಡಿಯಾರದವನ ಮುಖ ಬಿಳಿಚಿಕೊಂಡಿತು. ಅಂಚೆಯಕ್ಕನಿಗೆ ನಗು ತಡೆಯಲಾಗಲಿಲ್ಲ. "ಏನು ನೋಡೋಕೆ ಬಂದ್ರೋ ಅದನ್ನೇ ನೋಡ್ತಿದೀರಿ, ಬನ್ನಿ," ಎಂದು ಇಳಿಜಾರಿನ ಪಕ್ಕದ ಬಡಗಿಯ ಮನೆಗೆ ಕರೆದೊಯ್ದಳು. ಬಡಗಿಯ ಹೆಂಡತಿ ಯಾರು ಏನು ಎಂದು ಕೇಳುವ ಮೊದಲೇ ಚಾಪೆ ಹಾಸಿ, ಒಲೆಗೆ ಇನ್ನೊಂದು ಪಾತ್ರೆ ಏರಿಸಿದಳು. ಅಕ್ಕಪಕ್ಕದಿಂದ ಅಕ್ಕಿ ಬಂತು, ಸೌದೆ ಬಂತು, ಹೊದಿಕೆಯೂ ಬಂತು.

ಮರುದಿನ ಬೆಳಗ್ಗೆ ಮರ ಸೀಳುವಾಗ ಬಡಗಿಯ ಅಂಗೈಗೆ ದಪ್ಪ ಸಿಬಿರೊಂದು ಹೊಕ್ಕು ಒಳಗೇ ಮುರಿಯಿತು. ಹೊಳೆ ದಾಟಿ ಆಸ್ಪತ್ರೆಗೆ ಹೋಗಲು ದಾರಿಯಿಲ್ಲ. ನರ್ಸ್ ನೀರು ಕುದಿಸಿ ಗಾಯ ತೊಳೆದಳು.

"ನನ್ನ ಕಣ್ಣಿಗೆ ತುದಿ ಕಾಣ್ತಿಲ್ಲ. ನೀವು ತೆಗೀರಿ," ಎಂದಳು ಗಂಡನಿಗೆ.

"ನಾನಾ?"

"ಕೂದಲೆಳೆಯಂಥ ಸ್ಪ್ರಿಂಗು ತೆಗೆಯೋರು ನೀವೇ ತಾನೆ."

ಅವನು ಚೀಲದಲ್ಲಿದ್ದ ತನ್ನ ಕಸುಬಿನ ಭೂತಗನ್ನಡಿ ಕಣ್ಣಿಗೇರಿಸಿ, ಕುದಿಸಿದ ಚಿಮುಟ ಹಿಡಿದ. ಹೆಂಡತಿ ಹೇಳಿದಂತೆ ಮೆಲ್ಲಗೆ ಎಳೆದ. ಸಿಬಿರು ಇಡಿಯಾಗಿ ಹೊರಬಂತು. ಎಲ್ಲ ಮುಗಿದ ಮೇಲೆ ಚಿಮುಟ ಒರೆಸಿ ಚೀಲಕ್ಕೆ ಹಾಕಿಕೊಂಡ.

ಮೂಲೆಯಲ್ಲಿ ಕೂತು ನೋಡುತ್ತಿದ್ದ ಬಡಗಿಯ ತಾಯಿ ಈಗ ತನ್ನ ಪ್ರಶ್ನೆ ತೆಗೆದಳು. "ಜಗಳ ಆದ್ರೆ ಎಷ್ಟು ದಿನ ಮಾತು ಬಿಡ್ತೀರಿ?"

"ಇವರು ಮುಂದಿನ ಊಟದವರೆಗೆ, ಅಜ್ಜಿ. ನಾನು ಎರಡು ದಿನ," ಎಂದಳು ನರ್ಸ್.

"ಪರವಾಗಿಲ್ಲ. ನಮಗೆ ಆಗ್ತೀರಿ."

ಮೂರನೆಯ ದಿನ ಹೊಳೆ ಇಳಿಯಿತು. ಆರು ತಿಂಗಳಿಗೆ ಇಳಿಜಾರಿನಲ್ಲಿ ಪುಟ್ಟ ಮನೆ ಎದ್ದಿತು. ಕಿಟಕಿ ಬಾಗಿಲೆಲ್ಲ ಬಡಗಿಯದೇ. ಅಂಚೆಯಕ್ಕ ನೋಡಲು ಹೋದಾಗ, ಎಷ್ಟೋ ವರ್ಷದಿಂದ ನಿಂತುಹೋಗಿದ್ದ ಊರವರ ಹನ್ನೆರಡು ಗಡಿಯಾರಗಳು ರಿಪೇರಿಯಾಗಿ ಅಲ್ಲಿಯ ಗೋಡೆ ತುಂಬಿದ್ದವು. ಚಹಾ ಬಾಯಿಗಿಡುವಷ್ಟರಲ್ಲಿ ಹನ್ನೆರಡೂ ಒಟ್ಟಿಗೆ ನಾಲ್ಕು ಹೊಡೆದವು. ಪಕ್ಕದ ಮನೆಯಿಂದ ಬಂದು ಕೂತಿದ್ದ ಅಜ್ಜಿ ಕಿವಿ ಮುಚ್ಚಿಕೊಂಡು ನಕ್ಕಳು. ಅಂಚೆಯಕ್ಕನಿಗೆ ಚಹಾ ನೆತ್ತಿಗೇರಿತು.