ಹೆರೆಯದೇ ಬಿಟ್ಟ ಜಾಯಿಂಟು

ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಆ ಹೆಂಗಸಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ತಂತಿಯಕ್ಕ. ವಯಸ್ಸು ಐವತ್ತನಾಲ್ಕು. ಮೂಗಿನ ತುದಿಯಲ್ಲಿ ಕನ್ನಡಕ, ಅದರ ಪಕ್ಕದಲ್ಲೇ ಕೋಪ. ಹದಿನಾಲ್ಕು ವರ್ಷದಿಂದ ಹತ್ತಿರದ ಪ್ರೌಢಶಾಲೆಯ ಕೊನೆಯ ತರಗತಿಯಿಂದ ಪ್ರತಿವರ್ಷ ಒಬ್ಬರು ಎರಡು ವಾರದ ಮಟ್ಟಿಗೆ ಅವಳ ಅಂಗಡಿಗೆ ಬರುತ್ತಿದ್ದರು. ಶಾಲೆ ಇದನ್ನು 'ಕೆಲಸದ ಅನುಭವ' ಎಂದು ಕರೆಯುತ್ತಿತ್ತು.

ಉಳಿದ ಮಕ್ಕಳಿಗೆ ಎಂಥ ಅನುಭವವಾಗುತ್ತಿತ್ತು ಎಂಬುದು ತಂತಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಔಷಧಿ ಅಂಗಡಿಗೆ ಹೋದವನು ಫ್ಯಾನಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತು ಬರುತ್ತಿದ್ದ. ಬ್ಯಾಂಕಿಗೆ ಹೋದವಳು ಹತ್ತು ದಿನ ಟೀ ತಂದುಕೊಟ್ಟು, ಹನ್ನೊಂದನೇ ದಿನ ಜೆರಾಕ್ಸ್ ತೆಗೆದು ಮನೆ ಸೇರುತ್ತಿದ್ದಳು. ಕೊನೆಗೆ ಎಲ್ಲರ ವರದಿ ಫಾರಮ್ಮಿನಲ್ಲೂ ಹಾಜರಿ, ಶಿಸ್ತು, ಆಸಕ್ತಿ ಎಂಬ ಮೂರು ಚೌಕಗಳಲ್ಲಿ 'ಅತ್ಯುತ್ತಮ' ಎಂದು ಗೀಚಿ ಮೊಹರು ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ತಂತಿಯಕ್ಕ ಮಾತ್ರ ಸುಮ್ಮನೆ ನೋಡಿಕೊಂಡು ನಿಂತವರಿಗೆ ಸಹಿ ಹಾಕುತ್ತಿರಲಿಲ್ಲ. ಒಂದು ವರ್ಷ ಯಾವುದೋ ದೊಡ್ಡವರ ತಮ್ಮನ ಮಗ ಎರಡು ವಾರವೂ ಮೊಬೈಲು ಉಜ್ಜಿಕೊಂಡು ಕೂತು ಹೋದಾಗ, ಫಾರಮ್ಮಿನ ಮೇಲೆ 'ಬಂದಿದ್ದ, ಹೋದ' ಎಂದು ಎರಡೇ ಪದ ಬರೆದು ಕಳಿಸಿದ್ದಳು. ಆ ಎರಡು ಪದಕ್ಕಾಗಿ ಶಾಲೆಯಲ್ಲಿ ಒಂದು ಮೀಟಿಂಗೇ ನಡೆಯಿತಂತೆ.

ಅವಳ ಈ ಹಟಕ್ಕೆ ಕಾರಣವಿತ್ತು. ತನ್ನ ಕಾಲದಲ್ಲಿ ಅವಳು ಶಾಲೆಗೇ ಮೂರನೆಯವಳಾಗಿ ಪಾಸಾದವಳು. ವಿದ್ಯುತ್ ಪ್ರವಾಹ ಎಂದರೇನು ಎಂದು ಕೇಳಿದರೆ ಉಸಿರು ತೆಗೆದುಕೊಳ್ಳದೆ ಒಂದು ಪುಟ ಒಪ್ಪಿಸುತ್ತಿದ್ದಳು. ಆದರೆ ಮನೆಯಲ್ಲಿ ಫ್ಯೂಸು ಹೋದರೆ ಉಳಿದವರ ಹಾಗೆ ತಾನೂ ಕತ್ತಲಲ್ಲಿ ಕೂರುತ್ತಿದ್ದಳು. ಶಾಲೆ ಮುಗಿದ ಮೇಲೆ ನಾಲ್ಕು ವರ್ಷ ಮನೆಯಲ್ಲೇ ಕಳೆದಳು. ಏನು ಕೆಲಸ ಬರುತ್ತದೆ ಎಂದು ಯಾರಾದರೂ ಕೇಳಿದರೆ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. ಮೂರನೆಯ ಸ್ಥಾನದ ಸರ್ಟಿಫಿಕೇಟು ಗೋಡೆಯ ಮೇಲಿತ್ತು, ಅವಳು ಅದರ ಕೆಳಗಿದ್ದಳು. ಒಂದು ದಿನ, ಮೋಟರು ಕಟ್ಟುವ ಅಂಗಡಿ ಇಟ್ಟಿದ್ದ ಅಣ್ಣನ ಬೆರಳುಗಳು ಡ್ರಿಲ್ಲಿಗೆ ಸಿಕ್ಕವು. ಅಂಗಡಿ ಮುಚ್ಚುವ ಬದಲು ಅವನು ತಂಗಿಯನ್ನು ಬೆಂಚಿನ ಮುಂದೆ ಕೂರಿಸಿ, ಬ್ಯಾಂಡೇಜು ಸುತ್ತಿದ ಕೈಯಿಂದಲೇ ತೋರಿಸುತ್ತ ಕಲಿಸಿದ. ಮೊದಲ ಆರು ತಿಂಗಳಲ್ಲಿ ಅವಳು ಸುಟ್ಟ ಮೋಟರುಗಳ ಲೆಕ್ಕ ಅಣ್ಣ ಯಾರಿಗೂ ಹೇಳಲಿಲ್ಲ. ಆ ಆರು ತಿಂಗಳು ಶಾಲೆಯಲ್ಲಿ ಇದ್ದಾಗಲೇ ಸಿಗಬಾರದಿತ್ತೇ ಎಂಬ ಸಿಟ್ಟು ಅವಳಿಗೆ ಇವತ್ತಿಗೂ ಹೋಗಿಲ್ಲ.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಗೋಡೆಯುದ್ದಕ್ಕೂ ತಾಮ್ರದ ತಂತಿಯ ರೀಲುಗಳು, ನಡುವೆ ಮರದ ಬೆಂಚು, ಮೂಲೆಯಲ್ಲಿ ವಾರ್ನಿಷ್ ಒಣಗಿಸುವ ತಗಡಿನ ಪೆಟ್ಟಿಗೆ. ಅಲ್ಲಿ ಅಣ್ಣನ ಕಾಲದಿಂದ ನಡೆದುಬಂದ ಒಂದು ಕಟ್ಟುಪಾಡಿತ್ತು. ಕಟ್ಟಿಕೊಟ್ಟ ಮೋಟರು ಸುಟ್ಟು ವಾಪಸು ಬಂದರೆ, ಅದನ್ನು ಕಟ್ಟಿದವರೇ ಬಿಚ್ಚಬೇಕು. ಬೇರೆಯವರು ಕೈ ಹಾಕುವಂತಿಲ್ಲ, ತಪ್ಪು ಸಿಗುವ ತನಕ ಬಾಯಿ ಹಾಕುವಂತೆಯೂ ಇಲ್ಲ. ಬಾಯಿ ಹಾಕದಿರುವುದೇ ತಂತಿಯಕ್ಕನಿಗೆ ಹೆಚ್ಚು ಕಷ್ಟ.

ಈ ವರ್ಷ ಬಂದ ಹುಡುಗಿ ಎತ್ತರಕ್ಕಿದ್ದಳು, ಆ ಎತ್ತರಕ್ಕೆ ತಾನೇ ನಾಚಿಕೊಂಡಂತೆ ಬಾಗಿ ನಿಲ್ಲುತ್ತಿದ್ದಳು. ಏನು ಹೇಳಿದರೂ "ಆಯ್ತು ಮೇಡಂ" ಎನ್ನುತ್ತಿದ್ದಳು. ಅರ್ಥವಾದರೂ ಆಯ್ತು, ಆಗದಿದ್ದರೂ ಆಯ್ತು. ಎರಡನೇ ದಿನಕ್ಕೇ ತಂತಿಯಕ್ಕ ಅವಳಿಗೆ 'ಆಯ್ತಮ್ಮ' ಎಂದು ಹೆಸರಿಟ್ಟಳು. ಅವಳ ಅಂಕಗಳು ಅಂಚಿನಲ್ಲಿದ್ದವು. ಶಾಲೆ ಮುಗಿದ ಮೇಲೆ ತಾಂತ್ರಿಕ ತರಬೇತಿ ಶಾಲೆಗೆ ಸೇರಬೇಕೆಂದು ಅವಳಿಗೆ ಆಸೆ. ಅಂಚಿನಲ್ಲಿದ್ದವರನ್ನು ಅಲ್ಲಿ ಸಂದರ್ಶನಕ್ಕೆ ಕರೆದು, ಕೆಲಸದ ಅನುಭವದ ವರದಿ ನೋಡಿ ತೀರ್ಮಾನ ಮಾಡುತ್ತಿದ್ದರು. ಹಾಗಾಗಿ ತಂತಿಯಕ್ಕ ಬರೆಯುವ ಒಂದು ಹಾಳೆಯ ಮೇಲೆ ಈ ಹುಡುಗಿಯ ಸೀಟು ನಿಂತಿತ್ತು.

ಮೊದಲ ವಾರ ಹುಡುಗಿ ಹಳೆಯ ಮೋಟರುಗಳಿಂದ ಕರಕಲು ತಂತಿ ಕಿತ್ತಳು, ತಂತಿ ಕೂರುವ ಸಂದುಗಳನ್ನು ಉಜ್ಜಿದಳು, ಆ ಸಂದುಗಳಿಗೆ ಹಾಸುವ ಕಾಗದ ಕತ್ತರಿಸಿ ಮಡಿಸಿದಳು. ಎರಡನೇ ವಾರದ ಶುರುವಿಗೆ ಶಾಲೆಯದೇ ನೀರಿನ ಪಂಪಿನ ಮೋಟರು ಅಂಗಡಿಗೆ ಬಂತು. "ನಿಮ್ಮ ಶಾಲೇದು, ನೀನೇ ಕಟ್ಟು" ಎಂದಳು ತಂತಿಯಕ್ಕ. ಹುಡುಗಿ ಒಂದೊಂದು ಸುತ್ತನ್ನೂ ತುಟಿಯಲ್ಲೇ ಎಣಿಸುತ್ತ ತಂತಿಯ ಎಂಟು ಸುರುಳಿ, ಅಂದರೆ ಕಾಯಿಲು, ಸುತ್ತಿದಳು. ಕೊನೆಗೆ ಆರು ಜಾಯಿಂಟು ಹಾಕುವುದಿತ್ತು.

ಈ ತಂತಿಯಲ್ಲಿ ಒಂದು ಮೋಸವಿದೆ. ನೋಡಲು ಬರಿಯ ತಾಮ್ರ, ಆದರೆ ಮೈಮೇಲೆ ತಾಮ್ರದ್ದೇ ಬಣ್ಣದ ಎನಾಮಲ್ಲಿನ ತೆಳ್ಳನೆಯ ಪದರವಿರುತ್ತದೆ. ಎರಡು ತುದಿ ಕೂಡಿಸುವ ಮೊದಲು ಬ್ಲೇಡಿನಿಂದ ಆ ಪದರವನ್ನು ಹೆರೆದು ತೆಗೆಯಬೇಕು. ಹೆರೆಯದೆ ಹೊಸೆದರೆ ಜಾಯಿಂಟು ನೋಡಲು ಸರಿಯಾಗಿಯೇ ಇರುತ್ತದೆ. ತಣ್ಣಗಿರುವಾಗ ಮೋಟರೂ ಓಡುತ್ತದೆ. ನಾಲ್ಕು ದಿನ ನೀರೆತ್ತಿ ಕಾದ ಮೇಲೆ ಅದೇ ಜಾಗದಲ್ಲಿ ಸುಡುತ್ತದೆ.

"ಎಲ್ಲಾ ಹೆರೆದಿದೀಯಾ?" ಎಂದು ತಂತಿಯಕ್ಕ ಕೇಳಿದಳು.

"ಆಯ್ತು ಮೇಡಂ."

ತಂತಿಯಕ್ಕ ಐದು ಜಾಯಿಂಟುಗಳನ್ನು ಬಿಚ್ಚಿ ನೋಡಿ ಮತ್ತೆ ಹೊಸೆದಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಕೂಗಾಡತೊಡಗಿದ. ಆರನೆಯದು ನೋಡದೆ ಹೋಯಿತು. ಮೋಟರು ಶಾಲೆಗೆ ಹೋಗಿ ನಾಲ್ಕು ದಿನ ನೀರೆತ್ತಿತು, ಐದನೇ ದಿನ ಬೆಳಗ್ಗೆ ಹೊಗೆಯಾಡಿ ನಿಂತಿತು. ಇಡೀ ಶಾಲೆಗೆ ಮೂರ್ನಾಲ್ಕು ದಿನ ನೀರಿಲ್ಲ. ಮೂಗು ಮುಚ್ಚಿಕೊಂಡು ಓಡಾಡಿದ ಮೇಷ್ಟ್ರುಗಳೆಲ್ಲ ಆ ಹುಡುಗಿಯ ಕಡೆ ಕೆಂಗಣ್ಣು ಬಿಟ್ಟರು.

ಮೋಟರು ವಾಪಸು ಬಂದ ದಿನ, ಎರಡು ವಾರ ಮುಗಿದಿದ್ದರೂ ತಂತಿಯಕ್ಕ ಹುಡುಗಿಯನ್ನು ಮತ್ತೆ ಕರೆಸಿ, ಅದನ್ನು ಬೆಂಚಿನ ಮೇಲಿಟ್ಟು ಅವಳ ಕಡೆ ತಳ್ಳಿದಳು. "ಕಟ್ಟಿದವಳು ನೀನು. ಬಿಚ್ಚು. ನಾನು ಮಾತಾಡಲ್ಲ." ಹುಡುಗಿ ಬಿಚ್ಚಿದಳು. ಒಂದು ಗಂಟೆ ಅತ್ತುಕೊಂಡು ಹುಡುಕಿದಳು, ಇನ್ನೊಂದು ಗಂಟೆ ಅಳುವುದನ್ನು ಮರೆತು ಹುಡುಕಿದಳು. ತಂತಿಯಕ್ಕ ಹಲ್ಲು ಕಚ್ಚಿಕೊಂಡು ಬೇರೆ ಕೆಲಸ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕರಕಲಾದ ಆರನೇ ಜಾಯಿಂಟನ್ನು ಎತ್ತಿ ಹಿಡಿದಳು.

"ಇದನ್ನ ಹೆರೆದಿರಲಿಲ್ಲ. ಹೆರೆದಿದೀನಾ ಇಲ್ವಾ ಅಂತ ನೆನಪೇ ಇರಲಿಲ್ಲ. ಆದ್ರೂ ಆಯ್ತು ಅಂದ್ಬಿಟ್ಟೆ."

"ನಾನೂ ನೋಡಲಿಲ್ಲ. ಅರ್ಧ ತಪ್ಪು ನಂದು," ಎಂದಳು ತಂತಿಯಕ್ಕ. "ಹೊಸದಾಗಿ ಕಟ್ಟು."

ಹುಡುಗಿ ಎರಡು ದಿನದಲ್ಲಿ ಮತ್ತೆ ಕಟ್ಟಿದಳು. ಒಂದೊಂದು ಜಾಯಿಂಟನ್ನೂ ತಂತಿಯಕ್ಕನಿಗೆ ತಾನೇ ಕರೆದು ತೋರಿಸಿದಳು. ಪಂಪು ಓಡಿತು, ಶಾಲೆಗೆ ನೀರು ಬಂತು. ತಂತಿಯಕ್ಕ ವರದಿ ಫಾರಮ್ಮು ತೆಗೆದು ಮೂರು ಚೌಕಗಳನ್ನೂ ಖಾಲಿ ಬಿಟ್ಟು, 'ಇತರೆ' ಎಂದಿದ್ದ ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಬರೆದಳು: ಪಂಪಿನ ಮೋಟರು ಒಂದು ಕಟ್ಟಿದಳು. ಒಂದು ಜಾಯಿಂಟು ಹೆರೆಯದ್ದರಿಂದ ಅದು ಸುಟ್ಟಿತು. ತಪ್ಪನ್ನು ತಾನೇ ಹುಡುಕಿ ಮತ್ತೆ ಕಟ್ಟಿದಳು. ಮೋಟರು ಈಗ ಓಡುತ್ತಿದೆ. ಇವಳನ್ನು ನಾಳೆಯೇ ಕೆಲಸಕ್ಕೆ ಇಟ್ಟುಕೊಳ್ಳಲು ನಾನು ತಯಾರು.

ಹೆಡ್‌ಮಾಸ್ಟರು ಅದನ್ನು ಓದಿ ತಂತಿಯಕ್ಕನನ್ನು ಕರೆಸಿದರು. ಅವರ ಮೇಜಿನ ಮೇಲೆ ಹೊಸ ಫಾರಮ್ಮು ಒಂದು ತಯಾರಾಗಿತ್ತು, ಮೂರು ಚೌಕದಲ್ಲೂ 'ಅತ್ಯುತ್ತಮ'. ಅದರ ಜೊತೆಗೆ ಒಂದು ಮುಚ್ಚಳಿಕೆ: ಇನ್ನು ಮುಂದೆ ವಿದ್ಯಾರ್ಥಿಗಳು ಯಾವ ವಸ್ತುವನ್ನೂ ಮುಟ್ಟದೆ ದೂರದಿಂದ ನೋಡಿ ಕಲಿಯತಕ್ಕದ್ದು.

"ಎರಡಕ್ಕೂ ಒಂದೊಂದು ಸಹಿ ಹಾಕಿ," ಎಂದರು ಅವರು. "ನಾನು ಶಾಲೆ ಮೊಹರು ಒತ್ತುತೀನಿ. ಹುಡುಗಿಗೆ ಸೀಟು ಸಿಗುತ್ತೆ. ನಮ್ಮ ಹುಡುಗಿ ನಮ್ಮ ಪಂಪೇ ಸುಟ್ಟಳು ಅನ್ನೋ ಹಾಳೆಗೆ ನನ್ನ ಮೊಹರು ಬೀಳಲ್ಲ."

"ದೂರದಿಂದ ನೋಡಿ ಈಜು ಕಲಿಸ್ತೀರಾ ನೀವು?" ಎಂದಳು ತಂತಿಯಕ್ಕ. ಆದರೆ ಸಹಿ ಹಾಕುವುದಿಲ್ಲ ಎಂದು ಅಲ್ಲೇ ಹೇಳಿಬಿಡಲು ಅವಳಿಗೆ ಬಾಯಿ ಬರಲಿಲ್ಲ. ಹಟ ತನ್ನದು, ಸೀಟು ಆ ಹುಡುಗಿಯದು. ಆ ಎರಡು ಹಾಳೆಗಳ ಜೊತೆ ತನ್ನ ವರದಿಯನ್ನೂ ಮಡಚಿಕೊಂಡು ಅಂಗಡಿಗೆ ಬಂದಳು.

ಸಂಜೆ ಹುಡುಗಿಯ ತಾಯಿ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ ಅವಳದು. ಮುಂಗೈಯ ಮೇಲೆ ಹಬೆ ತಗುಲಿದ ಕಲೆಗಳಿದ್ದವು. "ಅಕ್ಕಾ, ಒಂದು ಸುಳ್ಳು ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ? ಬೇರೆಯವರೆಲ್ಲ ಬರ್ಕೊಡಲ್ವಾ? ಹದಿನೆಂಟು ವರ್ಷದಿಂದ ಆ ಹಬೇಲಿ ನಿಂತಿದೀನಿ. ಇವಳೂ ಅಲ್ಲಿಗೇ ಬರಬೇಕಾ?"

ತಂತಿಯಕ್ಕನ ಜಂಬವೆಲ್ಲ ಇಳಿದುಹೋಯಿತು. ಆ ತಾಯಿಯ ಮುಖ ನೋಡಿಕೊಂಡು ನೀತಿ ಹೇಳುವುದು ಅವಳಿಂದಾಗಲಿಲ್ಲ. ಪೆನ್ನು ಕೈಗೆತ್ತಿಕೊಂಡಳು ಕೂಡ. ಆಮೇಲೆ ತಾನು ಬರೆದದ್ದು, ಹೆಡ್‌ಮಾಸ್ಟರು ಕೊಟ್ಟದ್ದು, ಎರಡು ಫಾರಮ್ಮುಗಳನ್ನೂ ಬೆಂಚಿನ ಮೇಲೆ ಬಿಡಿಸಿಟ್ಟು ಹುಡುಗಿಯನ್ನು ಕರೆದಳು.

"ಇದು ನಿನ್ನ ಹಾಳೆ. ಯಾವುದು ಬೇಕು ಹೇಳು. ಎರಡರಲ್ಲಿ ಯಾವುದಕ್ಕೆ ಅಂದ್ರೂ ಸಹಿ ಹಾಕ್ತೀನಿ. ಇವತ್ತು ನಾನು ಬಯ್ಯಲ್ಲ."

ಹುಡುಗಿ ಎರಡನ್ನೂ ಓದಿದಳು. ನೆಟ್ಟಗೆ ನಿಂತು ಓದಿದಳು. ಆಗ ಅವಳು ಇಬ್ಬರು ಹೆಂಗಸರಿಗಿಂತಲೂ ಎಷ್ಟು ಎತ್ತರ ಎಂಬುದು ಗೊತ್ತಾಯಿತು.

"ಅಮ್ಮ, ಈ ಅತ್ಯುತ್ತಮದ ಹಾಳೆ ತಗೊಂಡು ಹೋದ್ರೆ ಅಲ್ಲಿ ಏನ್ ಕಲ್ತೆ ಅಂತ ಕೇಳ್ತಾರೆ. ದೂರದಿಂದ ನೋಡ್ತಿದ್ದೆ ಅನ್ನಲಾ? ನಾನು ಎರಡು ಸಲ ಮೋಟರ್ ಕಟ್ಟಿದೀನಿ. ಅದನ್ನ ಯಾಕೆ ಮುಚ್ಚಿಡಬೇಕು? ನಂಗೆ ನಿಜದ್ದೇ ಬೇಕು."

"ಸೀಟು ಹೋದ್ರೆ?" ಎಂದಳು ತಾಯಿ.

"ಹೋದ್ರೆ ಇಲ್ಲಿ ಕೂತು ಕಲೀತೀನಿ. ಮುಂದಿನ ವರ್ಷ ಮತ್ತೆ ಹೋಗ್ತೀನಿ. ಲಾಂಡ್ರಿಗಂತೂ ಬರಲ್ಲ."

ತಾಯಿ ಮಗಳ ಮೇಲಿನ ಸಿಟ್ಟನ್ನೆಲ್ಲ ತಂತಿಯಕ್ಕನ ಮೇಲೆ ತೀರಿಸಿಕೊಂಡು, ಎರಡು ವಾರದಲ್ಲಿ ಹುಡುಗಿಯನ್ನು ಇಷ್ಟು ಕೆಡಿಸಿದಿರಲ್ಲ ಎಂದು ಬೈದು, ಬೆಂಚಿನ ಮೇಲಿದ್ದ ನಿಜದ ಹಾಳೆಯನ್ನು ತಾನೇ ಜೋಪಾನವಾಗಿ ಮಡಚಿ ಮಗಳ ಚೀಲದಲ್ಲಿಟ್ಟಳು.

ಮರುದಿನ ತಂತಿಯಕ್ಕ 'ಅತ್ಯುತ್ತಮ'ದ ಫಾರಮ್ಮನ್ನೂ ಮುಚ್ಚಳಿಕೆಯನ್ನೂ ಸಹಿಯಿಲ್ಲದೆ ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟು ಬಂದಳು. ಅವರು ಹೇಳಿದ ಮಾತಿಗೆ ತಪ್ಪಲಿಲ್ಲ, ಶಾಲೆಯ ಮೊಹರು ಬೀಳಲಿಲ್ಲ. ತಂತಿಯಕ್ಕ ಹುಡುಗಿಯ ಚೀಲದಿಂದ ವರದಿಯನ್ನು ಮತ್ತೆ ತೆಗೆಸಿ, ಸಹಿ ಹಾಕಿ, ಬಿಲ್ಲಿಗೆ ಒತ್ತುವ ತನ್ನ ಅಂಗಡಿಯ ಮೊಹರನ್ನೇ ಅದರ ಮೇಲೆ ಒತ್ತಿದಳು. ಇಂಕು ಜಾಸ್ತಿಯಾಗಿ ಮೊಹರಿನ ಅರ್ಧ ಅಕ್ಷರ ಅಳಿಸಿಹೋಯಿತು. ವಾರದೊಳಗೆ ಶಾಲೆಯಿಂದ ಪತ್ರ ಬಂತು. ಸುರಕ್ಷತೆಯ ದೃಷ್ಟಿಯಿಂದ ಈ ಅಂಗಡಿಯನ್ನು ಕೆಲಸದ ಅನುಭವದ ಪಟ್ಟಿಯಿಂದ ಕೈಬಿಡಲಾಗಿದೆ. ತಂತಿಯಕ್ಕ ಅದನ್ನು ಎರಡು ಸಲ ಓದಿದಳು. ನೋವಾಯಿತು, ಸುಳ್ಳು ಹೇಳುವುದೇಕೆ. ಹದಿನಾಲ್ಕು ಮಕ್ಕಳ ಮುಖ ಒಂದೊಂದಾಗಿ ನೆನಪಾಯಿತು. ಆಮೇಲೆ ಒಂದು ತಗಡಿನ ತುಂಡು ಹುಡುಕಿ, ಬ್ರಷ್ಷು ತೆಗೆದುಕೊಂಡು ದಪ್ಪಕ್ಷರದಲ್ಲಿ ಬರೆದು, ಶಾಲೆಗೆ ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಬಾಗಿಲಿಗೆ ಹೊಡೆದಳು: 'ಕಲಿಯಲು ಬರುವ ಮಕ್ಕಳಿಗೆ: ಇಲ್ಲಿ ಮುಟ್ಟಬಹುದು.' ಆ ದಾರಿಯಲ್ಲೇ ದಿನಾ ಹೋಗುವ ಹೆಡ್‌ಮಾಸ್ಟರು ಮರುದಿನದಿಂದ ಆಚೆ ಬದಿಯ ಫುಟ್‌ಪಾತ್ ಹಿಡಿದರು.

ಸಂದರ್ಶನದ ದಿನ ತಂತಿಯಕ್ಕ ಒಂದು ಕಾಯಿಲನ್ನು ಮೂರು ಸಲ ತಪ್ಪಾಗಿ ಎಣಿಸಿದಳು. ನಾಲ್ಕು ಗಂಟೆಗೆ ಹುಡುಗಿ ತಾಯಿಯ ಜೊತೆ ಬಂದು ಬಾಗಿಲಲ್ಲಿ ನಿಂತಳು. ತಾಯಿಯ ಕಣ್ಣು ಕೆಂಪಾಗಿತ್ತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಹೇಳಲಾಗುವಂತಿರಲಿಲ್ಲ.

"ಸೋಮವಾರದಿಂದ ಬಾ ಅಂದ್ರು," ಎಂದಳು ಹುಡುಗಿ.

ತಂತಿಯಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. "ಏನ್ ಕೇಳಿದ್ರು? ಒಂದಕ್ಷರ ಬಿಡದೆ ಹೇಳು."

"ಮೂರು ಜನ ಇದ್ರು. ಶಾಲೆ ಮೊಹರು ಯಾಕಿಲ್ಲ ಅಂದ್ರು. ಮೋಟರ್ ಸುಟ್ಟಿದ್ದು ಬರೆದಿದೆ, ಅದಕ್ಕೇ ಹಾಕಲಿಲ್ಲ ಅಂದೆ. ಮೂರೂ ಜನ ಹಾಳೆ ಇಸ್ಕೊಂಡು ಓದಿದ್ರು. ಯಾವ ಜಾಯಿಂಟು, ಹೆಂಗೆ ಹುಡುಕಿದೆ, ಎಲ್ಲಾ ಕೇಳಿದ್ರು. ನಾನು ಹೇಳ್ತಾ ಹೋದೆ, ನಿಲ್ಸೋಕೇ ಆಗಲಿಲ್ಲ. ಕೊನೆಗೆ ಅದರಲ್ಲಿ ವಯಸ್ಸಾದವರು, ಇಲ್ಲಿಗೆ ಬಂದ್ರೆ ನಮ್ಮ ಮೋಟರುಗಳನ್ನೂ ಸುಡ್ತೀಯೇನಮ್ಮ ಅಂದ್ರು."

"ಅದಕ್ಕೆ ನೀನೇನಂದೆ?"

"ಸುಡ್ತೀನಿ ಸರ್ ಅಂದೆ. ಆದ್ರೆ ಎಲ್ಲಿ ಸುಟ್ಟಿತು ಅಂತ ಹುಡುಕಿ, ಮತ್ತೆ ಕಟ್ಟಿ ಓಡಿಸೋವರೆಗೂ ಮನೆಗೆ ಹೋಗಲ್ಲ ಅಂದೆ."

ತಂತಿಯಕ್ಕನಿಗೆ ತಡೆಯಲಾರದಷ್ಟು ಖುಷಿಯಾಯಿತು. ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ, ಸೀಟು ಕೊಡುವವರ ಮುಂದೆ ಹಾಗೆಲ್ಲ ಮಾತಾಡಬಾರದು ಎಂದು ಅವಳನ್ನು ಅರ್ಧ ಗಂಟೆ ಬೈದಳು.