ನೂರನಲವತ್ತೆಂಟನೆಯ ಚಿಲಕ

ಗಂಡನ ಹಳೆಯ ಬನಿಯನ್ನಿನ ತುಂಡಿನಿಂದ ಕಂಪ್ಯೂಟರಿನ ಪರದೆ ಒರೆಸುತ್ತಿದ್ದಾರೆ ಗೆರೆಯಕ್ಕ. ಮೇಲಿಂದ ಕೆಳಕ್ಕೆ ಒಂದು ಪಟ್ಟೆ, ಬಟ್ಟೆ ಮಗ್ಗುಲು ಬದಲಿಸಿ ಇನ್ನೊಂದು ಪಟ್ಟೆ. ಬೆಳಗಿನ ಆರು ಗಂಟೆ. ಉಳಿದ ಹನ್ನೊಂದು ಕುರ್ಚಿಗಳು ಖಾಲಿ. ಹಿಂದೊಮ್ಮೆ ಧೂಳಿನ ಕಣವನ್ನೇ ನಕ್ಷೆಯ ತಪ್ಪೆಂದು ತಿಳಿದು, ಅರ್ಧ ಗಂಟೆ ಅದನ್ನು ಅಳಿಸಲು ಹೆಣಗಿದವರು ಇವರು. ನಕ್ಷೆ ಸರಿಸಿದರೂ ತಪ್ಪು ಮಾತ್ರ ಕದಲಲಿಲ್ಲವಂತೆ. ಅಂದಿನಿಂದ ಒರೆಸದೆ ಕೂರುವುದಿಲ್ಲ.

ಇವರದು ಎಲೆಕ್ಟ್ರಾನಿಕ್ ಚಿಪ್‌ನೊಳಗಿನ ಗೆರೆ ಎಳೆಯುವ ಕೆಲಸ. ಕಚೇರಿಯವರು ಇಟ್ಟ ಹೆಸರೂ ಅದರಿಂದಲೇ ಬಂದದ್ದು. ಸರ್ಕ್ಯೂಟಿನ ಲೆಕ್ಕ ಹಾಕುವವರು ಬೇರೆ. ಆ ಲೆಕ್ಕ ಉಗುರಿಗಿಂತ ಚಿಕ್ಕ ಸಿಲಿಕಾನಿನ ಮೇಲೆ ಎಲ್ಲಿ ಕೂರಬೇಕು, ಯಾವ ತಂತಿ ಯಾವುದರ ಮೇಲೆ ಹಾಯಬೇಕು ಎಂದು ಬಿಡಿಸುವವರು ಇವರು. ಒಂದು ಕೂದಲಿನ ಅಗಲದಲ್ಲಿ ಮುನ್ನೂರೈವತ್ತು ಗೆರೆ. ದಿನಕ್ಕೆ ನೂರಿಪ್ಪತ್ತು ಎಳೆದರೆ ಒಳ್ಳೆಯ ದಿನ. ಅದರಲ್ಲಿ ಮೂವತ್ತು ಬೇಡವೆಂದು ಅಳಿಸುವಂತಾದರೆ ಇನ್ನೂ ಒಳ್ಳೆಯ ದಿನ. ನಕ್ಷೆಯ ಸಾಫ್ಟ್‌ವೇರನ್ನು ಒಮ್ಮೆಗೆ ಆರು ಜನ ಮಾತ್ರ ಬಳಸಬಹುದು, ತಡವಾಗಿ ಬಂದವರು ಕಾಯಬೇಕು. ಅದಕ್ಕೇ ಈ ಮುಂಜಾವು.

ಮೂವತ್ತು ವರ್ಷದ ಹಿಂದೆ ಇವರು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಅಂಗಡಿಯಲ್ಲಿ ಶಾಯಿ ಪೆನ್ನು ಹಿಡಿದಿದ್ದರು. ಅಂಗಡಿ ಮುಚ್ಚಿತು. ನಡುಗದ ಕೈ ಬೇಕೆಂದು ಇಲ್ಲಿಯವರು ಕರೆದರು. ಮೊದಲ ವರ್ಷವೆಲ್ಲ ಮೌಸ್ ಹಿಡಿದು ಮಣಿಕಟ್ಟು ಊದಿತ್ತು, ಎಡಗೈಯಲ್ಲಿ ಊಟ ಮಾಡಿದ್ದೂ ಉಂಟು.

"ಅಲ್ಲೂ ಬಾಗಿಲು ಕಿಟಕಿ, ಇಲ್ಲೂ ಬಾಗಿಲು ಕಿಟಕಿ. ಆ ಮನೇಲಿ ಜನ ಓಡಾಡ್ತಿದ್ರು, ಈ ಮನೇಲಿ ಕರೆಂಟು ಓಡಾಡುತ್ತೆ. ಸೋರೋದು ಮಾತ್ರ ಎರಡೂ ಸೋರುತ್ತೆ" ಎನ್ನುತ್ತಾರೆ.

ಸೋರಿಕೆಯೇ ಇತ್ತೀಚಿನ ತಲೆನೋವು. ಕೈಯಲ್ಲಿರುವುದು ಕಿವಿಯ ಶ್ರವಣಯಂತ್ರಕ್ಕೆ ಹಾಕುವ ಚಿಪ್. ಮಾತು ಬಿದ್ದ ಕೂಡಲೇ ಅದು ಚುರುಕಾಗಬೇಕು. ತುಟಿ ಆಡಿದ ಎಷ್ಟೋ ಹೊತ್ತಿಗೆ ದನಿ ಬಂದರೆ ಯಾರಿಗೆ ಬೇಕು? ಸದ್ದಿಲ್ಲದಾಗ ನಿದ್ದೆ ಹೋಗಿ ಬ್ಯಾಟರಿ ಉಳಿಸಬೇಕು. ಬಟಾಣಿಯಷ್ಟು ಬ್ಯಾಟರಿ ಹತ್ತು ದಿನ ಬರಬೇಕೆಂದು ಮಾತಾಗಿದೆ. ಲೆಕ್ಕ ಹಾಕಿದರೆ ಬಂದದ್ದು ಆರೇ ದಿನ. ಹೀಗಾಗಿ "ತಯಾರಿಸಿ" ಎಂದು ಕಾರ್ಖಾನೆಗೆ ಹೋಗಬೇಕಾದ ಪತ್ರ ಹತ್ತು ವಾರದಿಂದ ನಿಂತಿತ್ತು. ಅದು ಹೋದರೆ ಹೋದಂತೆ. ಸಿಲಿಕಾನಿನ ಮೇಲೆ ಬಿದ್ದ ಗೆರೆ ಹಣೆಬರಹದ ಹಾಗೆ, ಅಳಿಸಲಾಗದು. ಈ ಶುಕ್ರವಾರ ತಪ್ಪಿದರೆ ಕಾರ್ಖಾನೆಯ ಮುಂದಿನ ಸರದಿ ನಾಲ್ಕು ತಿಂಗಳ ನಂತರ, ಅಷ್ಟರಲ್ಲಿ ಗಿರಾಕಿಯೇ ಕೈಬಿಟ್ಟಾರು.

ಆರು ದಿನ ಬಂದರೂ ಸಾಕು ಎಂದವರಿದ್ದರು. ಇವರು ಒಪ್ಪಲಿಲ್ಲ. ಮನೆಯಲ್ಲಿ ಎಂಬತ್ತೆರಡರ ಅತ್ತೆ ಇದ್ದಾರೆ. ಅವರ ಯಂತ್ರದ ಬ್ಯಾಟರಿ ನಾಲ್ಕು ದಿನಕ್ಕೆ ಮುಗಿಯುತ್ತದೆ. ನಡುಗುವ ಬೆರಳಿಗೆ ಹೊಸದನ್ನು ಹಾಕಲಾಗದೆ, ಬಾಗಿಲು ಬಡಿದದ್ದೂ ಕೇಳದೆ, ಸೊಸೆ ಬರುವವರೆಗೆ ಸುಮ್ಮನೆ ಕೂರುತ್ತಾರೆ. ಬಿಂಕಕ್ಕೇನೂ ಕಡಿಮೆಯಿಲ್ಲ: "ನಾಲ್ಕು ದಿನ ನಿನ್ನ ಮಾತು ಕೇಳಿದ್ದಕ್ಕೆ ಒಂದು ದಿನ ರಜ ಅಂದ್ಕೋತೀನಿ ಕಣೆ."

ಚಿಪ್‌ನಲ್ಲಿ ನಿದ್ದೆ ಹೋಗುವ ಭಾಗದಿಂದ ಎಚ್ಚರವಿರುವ ಭಾಗಕ್ಕೆ ನೂರನಲವತ್ತೆಂಟು ತಂತಿಗಳಿವೆ. ನಿದ್ದೆ ಹೋದ ಕಡೆಯ ತಂತಿ ಹೌದೆನ್ನದೆ, ಅಲ್ಲವೆನ್ನದೆ ತೂಗಾಡಿದರೆ ಆಚೆ ಬದಿ ಅರ್ಧ ತಿರುಗಿಸಿದ ನಲ್ಲಿಯಂತೆ ಕರೆಂಟು ಸೋರುತ್ತದೆ. ಅದಕ್ಕೆಂದೇ ಪ್ರತಿ ತಂತಿಗೂ ಒಂದು ಚಿಲಕ, ಎಂದರೆ ಅದನ್ನು ಒಂದೇ ಕಡೆಗೆ ಗಟ್ಟಿಯಾಗಿ ಹಿಡಿಯುವ ಪುಟ್ಟ ಸರ್ಕ್ಯೂಟ್. ತಪಾಸಣೆಯ ಪ್ರೋಗ್ರಾಂ ಎಲ್ಲ ಸರಿ ಎಂದೇ ಹೇಳುತ್ತಿತ್ತು. ಕೊನೆಗೆ ಇವರು ನಕ್ಷೆಯನ್ನು ಹಾಳೆಗಳಲ್ಲಿ ಅಚ್ಚು ಹಾಕಿಸಿ, ನೆಲಕ್ಕೆ ಹಾಸಿ, ಮಂಡಿಯೂರಿ ಬೆರಳಿಟ್ಟು ಎಣಿಸಿದರು. ಚಿಲಕ ನೂರನಲವತ್ತೇಳು. ಮತ್ತೆ ಎಣಿಸಿದರೂ ಅಷ್ಟೇ.

ಕಳ್ಳ ಸಿಕ್ಕಿದ್ದು ಅಲ್ಲೇ. ವರ್ಷದ ಹಿಂದೆ, ಸರ್ಕ್ಯೂಟಿನ ಲೆಕ್ಕ ಹಾಕುವ ಸಹೋದ್ಯೋಗಿ (ಇವರ ಬಾಯಲ್ಲಿ ಅವರು "ಲೆಕ್ಕದ ಮೇಷ್ಟ್ರು") ಒಂದು ತಂತಿ ನಿಧಾನ, ವೇಗ ಸಾಲದು ಎಂದು ಪೀಡಿಸಿದ್ದರು. ಇವರು ದಾರಿಗೆ ಅಡ್ಡವಾಗಿದ್ದ ಅದರ ಚಿಲಕ ಕಿತ್ತು, ಪ್ರೋಗ್ರಾಂ ತಕರಾರು ಮಾಡದಂತೆ "ಸದ್ಯಕ್ಕೆ ಇದನ್ನು ಬಿಡು" ಎಂದು ವಿನಾಯಿತಿ ಪಟ್ಟಿಯಲ್ಲಿ ಬರೆದು, ಮರೆತೇಬಿಟ್ಟಿದ್ದರು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ದೆ. ಎಲ್ಲರನ್ನೂ ಕರೆದು ಹೇಳ್ದೆ, ಸೋರಿಸಿದ್ದು ನಾನೇ ಅಂತ. ಮೇಷ್ಟ್ರು, 'ಅದರಲ್ಲಿ ಅರ್ಧ ತಪ್ಪು ನಂದು, ಪೂರ್ತಿ ನೀವೇ ಹೊಡ್ಕೋಬೇಡಿ' ಅಂದ್ರು."

ಚಿಲಕ ಮರಳಿ ಹಾಕಿದರೆ ವೇಗ ಹೋಗುತ್ತಿತ್ತು. ಆದ್ದರಿಂದ ತಂತಿಯನ್ನು ಇಕ್ಕಟ್ಟಿನ ಕೆಳಪದರದಿಂದ ಎತ್ತಿ, ಕರೆಂಟು ಸರಾಗವಾಗಿ ಹರಿಯುವ ದಪ್ಪ ತಂತಿಗಳ ಮೇಲ್ಪದರದಲ್ಲಿ ಹಾಯಿಸಿ, ಆಮೇಲೆ ಚಿಲಕ ಹಾಕಿದರು. ಜಾಗ ಬಿಡಿಸಲು ಅರವತ್ತು ಗೆರೆ ಸರಿಸಬೇಕಾಯಿತು. ಹನ್ನೊಂದು ಮುಂಜಾವು ಹಿಡಿಯಿತು. ನಿನ್ನೆ ಹೊಸ ಲೆಕ್ಕ ಬಂದಿದೆ. ವೇಗ ಕುಂದಿಲ್ಲ. ಬ್ಯಾಟರಿ ಹತ್ತು ದಿನ, ಮೇಲೆ ಐದು ಗಂಟೆ.

ಇವತ್ತೇ ಆ ಶುಕ್ರವಾರ. ಒಂಬತ್ತಕ್ಕೆ ಮುಖ್ಯಸ್ಥರು ಬಂದು ಪತ್ರ ತೆರೆಯುತ್ತಾರೆ. ಕಳಿಸುವ ಗುಂಡಿ ಒತ್ತುವುದು ಯಾವಾಗಲೂ ಅವರೇ. ಇವತ್ತು ಕುರ್ಚಿ ಬಿಟ್ಟು ಎದ್ದು ಗೆರೆಯಕ್ಕನನ್ನು ಕೂರಿಸುತ್ತಾರೆ. ಅವಸರವಿಲ್ಲ, ಬೇಕಾದರೆ ಇನ್ನೂ ಹತ್ತು ವಾರ ಯೋಚಿಸಿ ಎಂದು ಮೇಷ್ಟ್ರು ಹಿಂದಿನಿಂದ ಕಿಚಾಯಿಸುತ್ತಾರೆ. ಗೆರೆಯಕ್ಕ ಪತ್ರವನ್ನು ನಿಧಾನಕ್ಕೆ ಓದುತ್ತಾರೆ. ಇರುವುದೇ ನಾಲ್ಕು ಸಾಲು. ಕೊನೆಯದರಲ್ಲಿ "ವಿನಾಯಿತಿ: ಒಂದು" ಎಂದು ಹಳೆಯದೇ ಉಳಿದಿದೆ. ಅದನ್ನು ಅಳಿಸಿ, "ಯಾವುದೂ ಇಲ್ಲ" ಎಂದು ಬರೆಯುತ್ತಾರೆ.

"ಅತ್ತೆ ಕಿವೀಲಿ ಇದನ್ನಿಟ್ಟು ಹತ್ತು ದಿನ ಎಡೆಬಿಡದೆ ಬೈಸ್ಕೋಬೇಕು ಅಂತ ಆಸೆ" ಎಂದು, ಗುಂಡಿ ಒತ್ತುತ್ತಾರೆ. ಪತ್ರ ಹೋಗುತ್ತದೆ.