ಒಡಪು ಹೇಳಿದ ಬೆಕ್ಕು

ಕಂಪ್ಯೂಟರಿನ ಪರದೆಯ ಮೇಲೆ ಒಂದು ಬೆಕ್ಕು ನಿಂತಿರುತ್ತದೆ. ಪಕ್ಕದಲ್ಲಿ ಒಂದೊಂದು ಆಜ್ಞೆ ಬರೆದ ಬಣ್ಣಬಣ್ಣದ ಬ್ಲಾಕುಗಳು. ಒಂದರ ಕೆಳಗೆ ಇನ್ನೊಂದನ್ನು ಎಳೆದು ಜೋಡಿಸಿ, ಮೇಲಿರುವ ಹಸಿರು ಬಾವುಟವನ್ನು ಒತ್ತಿದರೆ ಬೆಕ್ಕು ನಡೆಯುತ್ತದೆ, ಕುಣಿಯುತ್ತದೆ, ಮಾತಾಡುತ್ತದೆ. ಕೋಡಿಂಗ್ ಎಂದರೆ ಬೆಚ್ಚಿಬೀಳುವವರಿಗೆ ನಾನು ಇಲ್ಲಿಂದಲೇ ಶುರು ಮಾಡುವುದು. ಬಳ್ಳಾರಿಯ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಕಲಿಸಿ ಕಲಿಸಿ ನನ್ನ ಗಂಟಲು ಒಣಗಿದೆ. ಕುರುಗೋಡಿನ ಮಹಿಳಾ ಸಂಘದವರು ಬಂದು, ಶನಿವಾರ ಮಧ್ಯಾಹ್ನ ನಮ್ಮ ಹೆಂಗಸರಿಗೂ ಹೇಳಿಕೊಡಿ ಎಂದಾಗ ನನಗೆ ಒಳಗೊಳಗೇ ಬಿಗುಮಾನ ಬಂತು. ಇಷ್ಟು ದಿನಕ್ಕೆ ನನ್ನ ವಿದ್ಯೆಗೆ ಬೆಲೆ ಬಂತು ಎನ್ನುವ ಬಿಗುಮಾನ. ಅದನ್ನು ಮುಚ್ಚಿಟ್ಟುಕೊಂಡು, ಸಮಯ ನೋಡಿ ಹೇಳ್ತೀನಿ ಎಂದು ಸುಮ್ಮನೆ ಎರಡು ದಿನ ಕಾಯಿಸಿದೆ.

ಕುರುಗೋಡಿನ ಹೆಂಗಸರು ಬೆಕ್ಕಿಗೆ ಹೆದರಲಿಲ್ಲ, ಹೆದರಿದ್ದು ಮೌಸಿಗೆ. ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಮನೆಯಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವವರು, ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವರು. ಮೊದಲ ದಿನ ಮೌಸನ್ನು ಬಿಸಿ ಪಾತ್ರೆ ಮುಟ್ಟುವ ಹಾಗೆ ಮುಟ್ಟಿದರು. ಎರಡನೆಯ ವಾರಕ್ಕೆ ಬೆಕ್ಕನ್ನು ಪರದೆಯ ಆ ತುದಿಯಿಂದ ಈ ತುದಿಗೆ ಓಡಿಸುತ್ತಿದ್ದರು. ಮುಂದೆ ಬೆಕ್ಕಿನ ಕೈಲಿ ಮಾತಾಡಿಸುವ ಪಾಠ. ನಾವು ಟೈಪು ಮಾಡಿದ ಮಾತು ಅದರ ಬಾಯಿಯ ಪಕ್ಕ ಅಕ್ಷರವಾಗಿ ಮೂಡುತ್ತದೆ. ಮಕ್ಕಳಿಗಾದರೆ ನಿಮ್ಮ ಹೆಸರು ಹೇಳಿಸಿ ಎನ್ನುತ್ತೇನೆ. ಇಲ್ಲಿಯೂ ಹಾಗೇ ಅಂದೆ. ಹಿಂದಿನ ಸಾಲಿನಿಂದ ಒಬ್ಬಾಕೆ, "ನಮ್ಮ ಹೆಸರ ಯಾರಿಗೆ ಬೇಕ್ರಿ ಮೇಡಂ, ನಮ್ಮ ಯಜಮಾನರ ಹೆಸರ ಹೇಳಸ್ತೀವಿ" ಎಂದಳು. ಕೋಣೆಯೇ ನಕ್ಕುಬಿಟ್ಟಿತು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೆಲ್ಲ ಬಾಯಿ ಬಿಟ್ಟು ಹೇಳುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ನಾಲ್ಕು ಜನ ಅಡ್ಡಗಟ್ಟಿ ಕೇಳಿದರೆ ಒಡಪು ಕಟ್ಟಿ ಹೇಳಬೇಕು. ಎರಡು ಸಾಲು ಪ್ರಾಸ, ಆಮೇಲೆ ಒಂದಿಷ್ಟು ಸುಮ್ಮನಿದ್ದು ಎಲ್ಲರನ್ನೂ ಕಾಯಿಸಿ, ಕೊನೆಗೆ ತಲೆ ತಗ್ಗಿಸಿ ಆ ಹೆಸರು. ಈಗ ಬೆಕ್ಕು ಸಿಕ್ಕಿತಲ್ಲ. ಎಲ್ಲರಿಗಿಂತ ಹಿರಿಯಳು ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿ, ಬಾವುಟ ಒತ್ತಿದಳು. ಬೆಕ್ಕು ಹೇಳಿತು: "ಕುರುಗೋಡ ಗುಡ್ಡದ ಮ್ಯಾಲ ಕಲ್ಲಿನ ಸಾಲು, ಮನಿಗೆ ಬರೂದ್ರಾಗ ಆರಿರತೈತಿ ಹಾಲು, ಹಿಂಗ ತಡಾ ಮಾಡಾವರ ಹೆಸರು..." ಹೆಸರು ಮೂಡಿದಾಗ ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಾ ಹೇಳಿಲ್ಲವ್ವ, ಬೆಕ್ಕ ಹೇಳ್ತು" ಎಂದಳು.

ನನಗಂತೂ ಪಾಠ ತಾನಾಗಿ ಬಂದು ಕೈಗೆ ಬಿದ್ದಿತ್ತು. 'ಕಾಯು' ಎಂಬ ಕಿತ್ತಳೆ ಬಣ್ಣದ ಬ್ಲಾಕು ಯಾಕೆ ಬೇಕು ಎಂದು ಮಕ್ಕಳಿಗೆ ವಿವರಿಸಲು ನಾನು ಹರಸಾಹಸ ಮಾಡುತ್ತೇನೆ. ಇವರಿಗೆ ಹೇಳುವುದೇ ಬೇಕಾಗಲಿಲ್ಲ. ಹೆಸರಿಗೆ ಮುಂಚೆ ಎಷ್ಟು ಹೊತ್ತು ಕಾಯಿಸಬೇಕು ಎಂದು ಅವರವರಲ್ಲೇ ಜಗಳ ಬಿತ್ತು. ಒಬ್ಬಳು ಜಾಸ್ತಿ ಕಾಯಿಸಿದರೆ ಇನ್ನೊಬ್ಬಳು, "ಅಷ್ಟೊತ್ತು ಕಾಯ್ಸಿದ್ರ ಗಂಡನಾ ಎದ್ದು ಹೊಕ್ಕಾನ" ಎನ್ನುವಳು.

ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ ಒಬ್ಬ ಹೆಣ್ಣುಮಗಳು ಕೂರುತ್ತಿದ್ದಳು. ಮೂವತ್ತು ದಾಟಿರಲಿಲ್ಲ. ತವರು ಸಿರುಗುಪ್ಪ, ಗಂಡನ ಮನೆ ಕುರುಗೋಡು. ಗಂಡ ತೀರಿಕೊಂಡು ವರ್ಷದ ಮೇಲಾಗಿತ್ತು. ಅತ್ತೆಯ ಜೊತೆ ಇದ್ದಳು. ಎಲ್ಲರೂ ಒಡಪು ಹುಡುಕುವ ಗದ್ದಲದಲ್ಲಿದ್ದಾಗ ಅವಳು ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ಮೆಲ್ಲಗೆ, "ನೀ ಬ್ಯಾರೆ ಏನಾರ ಮಾಡವ್ವ" ಎಂದೆ. ಅವಳ ಮನಸ್ಸು ನೋಯದಿರಲಿ ಎಂದು ಹಾಗೆ ಹೇಳಿದೆನೆಂದು ಆಗ ನಂಬಿದ್ದೆ. ಗಂಡ ಸತ್ತವರನ್ನು ಮದುವೆ ಮನೆಯಲ್ಲಿ ಯಾರೂ ಒಡಪು ಕೇಳುವುದಿಲ್ಲ. ನಾನು ಮಾಡಿದ್ದೂ ಅದನ್ನೇ, ಸ್ವಲ್ಪ ನಯವಾಗಿ.

ಅವಳು ಬೇರೆಯದೇ ಮಾಡಿದಳು. ಕಣದಲ್ಲಿ ಒಣಗಲು ಹರವಿದ ಕೆಂಪು ಮೆಣಸಿನಕಾಯಿ, ಮೇಲೆ ಹಾರಾಡುವ ಕಾಗೆಗಳು, ಮೌಸು ಆಡಿಸಿದರೆ ಓಡಿಸಲು ಬರುವ ಒಂದು ಮುದುಕಿ. ಅದು ಎಷ್ಟು ಚೆನ್ನಾಗಿತ್ತೆಂದರೆ ಉಳಿದವರು ತಮ್ಮದನ್ನು ಬಿಟ್ಟು ಅವಳ ಹಿಂದೆ ನಿಂತರು. ಸಿರುಗುಪ್ಪದಲ್ಲಿ ಮಕ್ಕಳಿಗೆ ಇದೇ ಕ್ಲಾಸು ಶುರು ಮಾಡುವ ಯೋಚನೆ ಸಂಘಕ್ಕಿತ್ತು. ಕಲಿತವರಲ್ಲೇ ಒಬ್ಬರನ್ನು ಟೀಚರ್ ಮಾಡುವುದು ಎಂದಾಗಿತ್ತು. ಒಂದು ದಿನ ಎಲ್ಲರೂ ಹೋದ ಮೇಲೆ ಅವಳು ಬಂದು, "ಅಕ್ಕಾ, ಆ ಕೆಲಸ ನನಗ ಸಿಕ್ಕತೈತೇನ್ರಿ?" ಎಂದು ಕೇಳಿದಳು. ಅದುವರೆಗೆ ಅವಳು ತನಗಾಗಿ ಏನನ್ನೂ ಕೇಳಿರಲಿಲ್ಲ. "ನಿನಗಲ್ಲದೆ ಇನ್ನ್ಯಾರಿಗೆ" ಎಂದೆ. ಕೊನೆಯ ಶನಿವಾರ ಎಲ್ಲರೂ ಮಾಡಿದ್ದನ್ನು ಊರವರಿಗೆ ತೋರಿಸುವುದಿತ್ತು. ಸಂಘದವರು ಅವತ್ತು ನೋಡಿ ತೀರ್ಮಾನಿಸುತ್ತೇವೆ ಎಂದಿದ್ದರು. ಅತ್ತೆಯೂ ಬರುವವಳಿದ್ದಳು.

ಹಿಂದಿನ ದಿನ ಮಧ್ಯಾಹ್ನ ನಾನು ಬಳ್ಳಾರಿಯ ಮನೆಯಲ್ಲಿ ಕೂತು ಎಲ್ಲರ ಫೈಲುಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಡೆ ಸೇರಿಸುತ್ತಿದ್ದೆ. ಅವಳ ಫೋಲ್ಡರಿನಲ್ಲಿ ಮೆಣಸಿನಕಾಯಿಯ ಕಣದ ಜೊತೆಗೆ ಇನ್ನೊಂದು ಫೈಲು ಇತ್ತು. ಅದಕ್ಕೆ ಹೆಸರೂ ಇಟ್ಟಿರಲಿಲ್ಲ. ತೆರೆದೆ. ಖಾಲಿ ಹಿನ್ನೆಲೆ, ನಡುವೆ ಬೆಕ್ಕು. ಬಾವುಟ ಒತ್ತಿದೆ. ಬೆಕ್ಕು ಹೇಳಿತು:

"ಸಿರುಗುಪ್ಪ ಕಾಲುವಿ ನೀರು ಹರೀತೈತಿ ಗದ್ದಿಗೆ,
ಕುರುಗೋಡ ಮೆಣಸಿನಕಾಯಿ ಖಾರ ಹತ್ತೈತಿ ನಾಲಿಗಿಗೆ,
ನೀರಿಗೂ ಖಾರಕ್ಕೂ ನಂಟು ಹಚ್ಚಿದವರ ಹೆಸರು..."

ಆಮೇಲೆ ಏನೂ ಬರಲಿಲ್ಲ. ಬೆಕ್ಕು ಸುಮ್ಮನೆ ನಿಂತೇ ಇತ್ತು. ಕೆಟ್ಟಿದೆಯೇನೋ ಎಂದು ಬ್ಲಾಕುಗಳನ್ನು ನೋಡಿದೆ. ಕೆಟ್ಟಿರಲಿಲ್ಲ. ಉಳಿದವರೆಲ್ಲ ಇಷ್ಟು ಸೆಕೆಂಡು ಕಾಯು ಎಂದು ಹಾಕಿದ್ದ ಜಾಗದಲ್ಲಿ ಅವಳು, ಸ್ಪೇಸ್ ಕೀ ಒತ್ತುವ ತನಕ ಕಾಯು ಎಂದು ಹಾಕಿದ್ದಳು. ಅದನ್ನು ನಾನು ಕಲಿಸಿರಲಿಲ್ಲ. ತಾನೇ ಹುಡುಕಿಕೊಂಡಿದ್ದಳು. ಕೀ ಒತ್ತಿದರೆ ಮಾತ್ರ ಹೆಸರು, ಇಲ್ಲದಿದ್ದರೆ ಬೆಕ್ಕು ಎಷ್ಟು ಹೊತ್ತಾದರೂ ಕಾಯುತ್ತದೆ.

ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಬೆನ್ನಿಗೇ ಬಂದದ್ದು ಖುಷಿ. ನಾಳೆ ಇದನ್ನು ತೋರಿಸಿದರೆ ಊರು ಬಾಯಿ ಮುಚ್ಚುತ್ತದೆ, ಗಂಡ ಸತ್ತವಳಿಗೆ ಒಡಪು ಕೇಳಬಾರದು ಎನ್ನುವವರ ಮುಖಕ್ಕೆ ಹೊಡೆದಂತಾಗುತ್ತದೆ, ಹೀಗೆ ಏನೇನೋ ಎಣಿಕೆ ಹಾಕಿದೆ. ಅವಳ ನಂಬರು ನನ್ನ ಫೋನಿನಲ್ಲಿತ್ತು. ಕರೆ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಮರೆತೆ ಎಂದು ಆಮೇಲೆ ಒಂದಿಬ್ಬರಿಗೆ ಹೇಳಿದ್ದೇನೆ. ಮರೆತಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮರುದಿನ ಸಂಘದ ಕೋಣೆ ತುಂಬಿತ್ತು. ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟಿದ್ದೆವು. ಒಬ್ಬೊಬ್ಬರ ಬೆಕ್ಕೂ ಒಡಪು ಹೇಳಿತು. ಗಂಡಂದಿರು ಬಾಗಿಲ ಹತ್ತಿರ ನಿಂತು ನಾಚಿಕೊಂಡರು. ಅವಳು ಬಂದು ಮೆಣಸಿನಕಾಯಿಯ ಕಣ ತೋರಿಸಿದಾಗ ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ಬಿತ್ತು. ಸಂಘದ ಅಧ್ಯಕ್ಷೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಕೆಲಸ ಸಿಕ್ಕಿತು ಎಂದೇ ಅದರ ಅರ್ಥ. ಅವಳ ಅತ್ತೆ ಮುಂದಿನ ಸಾಲಿನಲ್ಲಿ ಕಾಲು ಮಡಚಿಕೊಂಡು ಕೂತಿದ್ದಳು. ಅಷ್ಟಕ್ಕೆ ಮುಗಿಸಿದ್ದರೆ ಎಲ್ಲವೂ ಸರಿ ಇರುತ್ತಿತ್ತು.

"ಇನ್ನೊಂದೈತಿ" ಎಂದು ನಾನು ಆ ಫೈಲು ತೆರೆದೆ. ಅವಳಿಗೆ ಬೆಕ್ಕು ಕಂಡ ಕೂಡಲೇ ತಿಳಿಯಿತು. ನನ್ನ ಕಡೆ ತಿರುಗಿ, ಬೇರೆಯವರಿಗೆ ಕಾಣದ ಹಾಗೆ ಒಮ್ಮೆ ತಲೆ ಅಲ್ಲಾಡಿಸಿದಳು. ನೋಡಿದೆ. ನೋಡಿಯೂ ಬಾವುಟ ಒತ್ತಿದೆ. ಸಾಲುಗಳು ಒಂದೊಂದಾಗಿ ಗೋಡೆಯ ಮೇಲೆ ಬಂದವು. ಓದು ಬರುವವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿದರು. ನಂಟು ಹಚ್ಚಿದವರ ಹೆಸರು ಎನ್ನುವಲ್ಲಿಗೆ ಬೆಕ್ಕು ನಿಂತಿತು. ನಾನು ಸ್ಪೇಸ್ ಕೀ ಒತ್ತಿದೆ.

ಹೆಸರು ಬಂತು. ಯಾರೋ "ಶಿವನೇ" ಎಂದರು. ಬಾಜೂ ಕೂತವಳು ಅತ್ತೆಯ ಕಿವಿಯಲ್ಲಿ ಆ ಹೆಸರನ್ನು ಹೇಳಿದಳು. ಅತ್ತೆ ಎದ್ದು ಹೊರಗೆ ಹೋದಳು. ಸೊಸೆ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಆ ಹೊತ್ತಿನಲ್ಲಾದರೂ ಲ್ಯಾಪ್‌ಟಾಪ್ ಮುಚ್ಚಬೇಕಿತ್ತು ನಾನು. ಮುಚ್ಚದೆ ಮೈಕು ಹಿಡಿದು, ಹೆಣ್ಣಿನ ಧೈರ್ಯದ ಬಗ್ಗೆ ಭಾಷಣ ಮಾಡಿದೆ. ಗೋಡೆಯ ಮೇಲೆ ಆ ಹೆಸರು ಹಾಗೇ ಇತ್ತು. ಭಾಷಣ ಮುಗಿಸಿ ತಿರುಗಿದಾಗ ಕಿಟಕಿಯ ಹತ್ತಿರ ಅವಳಿರಲಿಲ್ಲ.

ಮುಂದಿನ ವಾರ ಸಂಘದವರು ಫೋನ್ ಮಾಡಿ, ಕೆಲಸದ ವಿಷಯಕ್ಕೆ ಕರೆದರೆ ಅವಳು ಬರುತ್ತಿಲ್ಲ, ಇನ್ನೊಬ್ಬರನ್ನು ನೋಡಬೇಕಾಗುತ್ತದೆ ಎಂದರು. ನಾನು ಕುರುಗೋಡಿನ ಬಸ್ಸು ಹತ್ತಿದೆ. ಕೊಳಗಲ್ಲು ಬರುವಷ್ಟರಲ್ಲಿ ಅತ್ತೆಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜಗಳ ತಯಾರು ಮಾಡಿಕೊಂಡಿದ್ದೆ. ಸೊಸೆಯನ್ನು ಬಯ್ದು ಮನೆಯಲ್ಲೇ ಕೂರಿಸಿರುತ್ತಾಳೆ ಎಂದು ಅಂದುಕೊಂಡಷ್ಟೂ ನನಗೆ ಹಗುರವಾಗುತ್ತಿತ್ತು. ತಪ್ಪು ಅತ್ತೆಯದಾದರೆ ನನ್ನದು ಉಳಿಯುವುದಿಲ್ಲವಲ್ಲ.

ಅತ್ತೆ ಬಾಗಿಲಲ್ಲೇ ಎದುರಾದಳು. "ಬಾರವ್ವ, ಕುಂದ್ರು" ಎಂದು ಚಾಪೆ ಹಾಸಿದಳು.

"ಆಕಿ ಸಿರುಗುಪ್ಪಕ ಹೋಗ್ಯಾಳ. ನಾ ಏನೂ ಅಂದಿಲ್ಲ ಆಕಿಗೆ" ಎಂದಳು. ಎದುರಿಗೆ ತಾನೂ ಕೂತು, "ನನಗ ಓದಾಕ ಬರಂಗಿಲ್ಲ. ಬಾಜೂಕಿನಾಕಿ ಹೇಳಿದ್ಲು. ಮಗನ ಹೆಸರ ಮಂದಿ ಬಾಯಾಗ ಕೇಳಿ ಬಾಳ ದಿನಾ ಆಗಿತ್ತು. ಅಳು ತಡಿಲಿಲ್ಲ, ಎದ್ದು ಹೊರಗ ಬಂದೆ. ಸಿಟ್ಟಿಲ್ಲವ್ವ ಯಾರ ಮ್ಯಾಲೂ" ಎಂದಳು. ನಾನು ಕಟ್ಟಿಕೊಂಡು ಬಂದ ಜಗಳ ಹೊಟ್ಟೆಯಲ್ಲೇ ಉಳಿಯಿತು. ಬಯ್ದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಸಿರುಗುಪ್ಪಕ್ಕೆ ಹೋದೆ. ಅವಳ ತವರುಮನೆ ಅಕ್ಕಿ ಗಿರಣಿಯೊಂದರ ಹಿಂದಿನ ಓಣಿಯಲ್ಲಿತ್ತು. ಹೊರಗಿನ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಎದ್ದು ನಿಂತಳು. ನಾನು ಕೂರುವ ಮೊದಲೇ ತಪ್ಪಾಯಿತು ಎಂದೆ. ಕೇಳದೆ ತೋರಿಸಬಾರದಿತ್ತು, ಮಂದಿಯ ಮುಂದೆ ನಿನ್ನನ್ನು ಹಾಗೆ ನಿಲ್ಲಿಸಬಾರದಿತ್ತು ಎಂದೆಲ್ಲ ಹೇಳಿದೆ. ಕೆಲಸವನ್ನು ಬಿಡಬೇಡ ಎಂದು ಬೇಡಿಕೊಂಡೆ.

"ಕೆಲಸ ಮಾಡ್ತೀನ್ರಿ" ಎಂದಳು. "ಬಿಡೂದಿಲ್ಲ. ಸೋಮವಾರ ಸಂಘಕ್ಕ ಹೋಗಿ ಹೇಳ್ತೀನಿ. ಒಂದ ಮಾತು. ಮಕ್ಕಳು ಮಾಡಿದ್ದನ್ನ ಮಕ್ಕಳಾ ತೋರಿಸ್ಬೇಕು. ಅವರ ಫೈಲು ನೀವು ತೆಗೀಬ್ಯಾಡ್ರಿ."

ಆಗಲಿ ಎಂದೆ. ಕೆಲಸ ಉಳಿಯಿತಲ್ಲ ಎಂದು ನನಗೆ ಉಸಿರು ಬಂತು. ಅಷ್ಟಕ್ಕೇ ಎದ್ದು ಬರಬೇಕಿತ್ತೇನೋ. ನನಗೆ ಪೂರ್ತಿ ಕ್ಷಮೆ ಬೇಕಿತ್ತು. ಅದಕ್ಕೆ, "ಮಂದಿ ಮಾತಿಗೆ ಹೆದರಬ್ಯಾಡವ್ವ, ನಿಮ್ಮತ್ತಿಗೂ ಸಿಟ್ಟಿಲ್ಲ" ಎಂದೆ.

"ಮಂದಿಗೆ ಹೆದರಿ ಬಂದಿಲ್ರಿ ನಾನು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತಿಳಿದುಕೊಂಡವರಿಗೆ ತಿಳಿಹೇಳುವ ಹಾಗೆ ಹೇಳಿದಳು. "ಪ್ರತಿ ಶನಿವಾರ ಕ್ಲಾಸ್ ಮುಗದ ಮ್ಯಾಲ ಅದನ್ನ ಹಚ್ತಿದ್ದೆ. ಹೆಸರು ಅನ್ನೂತನಕ ಬರ್ತಿತ್ತು. ಕೀ ಮ್ಯಾಲ ಬೆರಳ ಇಡ್ತಿದ್ದೆ, ಒತ್ತಾಕ ಆಗ್ತಿದ್ದಿಲ್ಲ, ಮುಚ್ಚಿಬಿಡ್ತಿದ್ದೆ. ಅವರು ಹೋದ ಮ್ಯಾಲ ಅವರ ಹೆಸರ ನನ್ನ ಬಾಯಾಗ ಇನ್ನೂ ಬಂದಿದ್ದಿಲ್ಲ. ಎಂದಾರ ಒಂದಿನ ಒತ್ತಬೇಕು ಅಂತ ಇಟ್ಟಿದ್ದೆ."

ಅವಳು ಒಳಗೆ ಹೋಗಿ ಚಾ ತಂದು ಕೊಟ್ಟಳು. ಕುಡಿದೆ. ಲೋಟ ಇಸಿದುಕೊಳ್ಳುವಾಗ ಅವಳು, "ನೀವು ಒತ್ತಿದ್ರಿ" ಎಂದಷ್ಟೇ ಹೇಳಿ ಮೊರ ಎತ್ತಿಕೊಂಡಳು.